ಕಡಲ ಕಡೆಯಿಂದ ಅಕ್ಕೋ

ಮಂಗಳವಾರ

ಹೈಫಾದಿಂದ ಉತ್ತರಕ್ಕೆ ಹೋಗುವ ರೈಲು ಅರ್ಧ ಗಂಟೆಯ ಆಸುಪಾಸಿನಲ್ಲಿ ಅಕ್ಕೋ ನಿಲ್ದಾಣವನ್ನು ಮುಟ್ಟುತ್ತದೆ. ನಿಲ್ದಾಣವಿರುವುದು ಹೊಸ ಊರಿನಲ್ಲಿ. ವಸತಿ ಕಟ್ಟಡಗಳ ಸಾಲು ಮುಗಿದ ಮೇಲೆ ಒಂದು ಅಗಲವಾದ ಕಂದಕ, ಅದರಾಚೆ ಮಾಸಿದ ಹಳದಿ ಕಲ್ಲಿನ ಗೋಡೆ, ಗೋಡೆಯ ಹಿಂದೆ ಹಸಿರು ಗುಮ್ಮಟ ಮತ್ತು ತೆಳ್ಳನೆಯ ಮಿನಾರು ಕಾಣಿಸುತ್ತವೆ. ಹೀಬ್ರೂವಿನಲ್ಲಿ ಅಕ್ಕೋ, ಅರಬ್ಬಿಯಲ್ಲಿ ಅಕ್ಕಾ, ಇಂಗ್ಲಿಷ್ ಇತಿಹಾಸ ಗ್ರಂಥಗಳಲ್ಲಿ ಏಕರ್ ಎನಿಸಿಕೊಳ್ಳುವ ಈ ಊರು ಹೈಫಾ ಕೊಲ್ಲಿಯ ಉತ್ತರದ ತುದಿಯಲ್ಲಿ, ಕಡಲಿಗೆ ಚಾಚಿಕೊಂಡ ಒಂದು ಚಿಕ್ಕ ಭೂಶಿರದ ಮೇಲಿದೆ. ಪಶ್ಚಿಮಕ್ಕೂ ದಕ್ಷಿಣಕ್ಕೂ ಸಮುದ್ರವಿದ್ದು, ಉತ್ತರ ಮತ್ತು ಪೂರ್ವದಲ್ಲಿ ಮಾತ್ರ ನೆಲವಿದೆ. ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವೆಂದು ಗುರುತಿಸಿದ್ದು 2001ರಲ್ಲಿ. ಹೀಗಿದ್ದರೂ ಕೋಟೆಯೊಳಗೆ ಜನ ಸಂಸಾರ ಹೂಡಿಕೊಂಡೇ ಇದ್ದಾರೆ. ಬಹುಪಾಲು ಅರಬ್ ಕುಟುಂಬಗಳು. ಫಿರಂಗಿ ಇಟ್ಟಿದ್ದ ಗೋಡೆಯ ಬುಡದಲ್ಲಿ ಬಟ್ಟೆ ಒಣಗುತ್ತಿರುತ್ತದೆ.

ನನ್ನ ಜೊತೆಗಿದ್ದವರು ನನ್ನ ಭಾವ. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದ ಅವರಿಗೆ ರಾಜರ ಕಥೆಗಳಿಗಿಂತ ಗಾರೆ, ಕಲ್ಲು, ಕಮಾನುಗಳ ಮೇಲೆ ಆಸಕ್ತಿ. ಸಂಜೆ ಬಿಸಿಲು ಇಳಿದ ಮೇಲೆ ನಾವು ನೆಲದ ಕಡೆಯ ಗೋಡೆಯ ಮೇಲೆ ನಡೆದೆವು. ಇಲ್ಲಿರುವುದು ಒಂದರ ಹಿಂದೊಂದು ನಿಂತ ಎರಡು ಗೋಡೆಗಳು. ಒಳಗಿನದು ತೆಳ್ಳಗಿದ್ದು, ಹದಿನೆಂಟನೆಯ ಶತಮಾನದ ನಡುವಿನಲ್ಲಿ ಗೆಲಿಲಿಯ ಅರಬ್ ಪಾಳೆಯಗಾರ ಜಾಹಿರ್ ಅಲ್ ಉಮರ್ ಕಟ್ಟಿಸಿದ್ದು. ಹೊರಗಿನದು ತಗ್ಗಾಗಿ, ಬಹಳ ದಪ್ಪವಾಗಿ, ಮೂಲೆಗಳಲ್ಲಿ ಮುಂದಕ್ಕೆ ಚಾಚಿದ ಕೊತ್ತಳಗಳಿಂದ ಕೂಡಿದ್ದು, 1799ರಲ್ಲಿ ನೆಪೋಲಿಯನ್ ಹಾಕಿದ ಮುತ್ತಿಗೆಯ ನಂತರ, ತುರ್ಕಿಯ ಒಟ್ಟೋಮನ್ ಸಾಮ್ರಾಜ್ಯದ ಪರವಾಗಿ ಇಲ್ಲಿ ಆಳುತ್ತಿದ್ದ ಅಹ್ಮದ್ ಪಾಶಾ ಅಲ್ ಜಜ್ಜಾರ್ ಮತ್ತು ಅವನ ಉತ್ತರಾಧಿಕಾರಿಗಳು ಕಟ್ಟಿಸಿದ್ದು. "ಎತ್ತರ ಕಟ್ಟಿದರೆ ಗುಂಡಿಗೆ ಗುರಿಯಾಗುತ್ತದೆ, ಅದಕ್ಕೇ ಅಡ್ಡಡ್ಡ ಬೆಳೆಸಿದ್ದಾರೆ ನೋಡಿ" ಎಂದು ಭಾವ ತೋರಿಸಿದರು. ಏಣಿ ಹಾಕಿ ಹತ್ತುವ ಶತ್ರುವಿಗಾಗಿ ಕಟ್ಟಿದ ಗೋಡೆಗೂ ಫಿರಂಗಿಯ ಶತ್ರುವಿಗಾಗಿ ಕಟ್ಟಿದ ಗೋಡೆಗೂ ಇರುವ ವ್ಯತ್ಯಾಸವನ್ನು ಹೀಗೆ ಕೆಲವೇ ಹೆಜ್ಜೆಗಳ ಅಂತರದಲ್ಲಿ ನೋಡಲು ಸಿಗುವುದು ಅಪರೂಪ.

ಈಶಾನ್ಯ ಮೂಲೆಯ ಬುರುಜ್ ಅಲ್ ಕಮಾಂಡರ್ ಎಂಬ ದೊಡ್ಡ ಕೊತ್ತಳದ ಮೇಲೆ ನಿಂತರೆ ಇಡೀ ಕೊಲ್ಲಿ, ಅದರಾಚೆ ಹೈಫಾ ಮತ್ತು ಕಾರ್ಮೆಲ್ ಬೆಟ್ಟ ಕಾಣುತ್ತವೆ. ಈ ಕೋಟೆಯ ಚರಿತ್ರೆಯನ್ನು ಅರ್ಥ ಮಾಡಿಕೊಳ್ಳಲು ಬೆನ್ನು ನೆಲಕ್ಕೆ, ಮುಖ ಕಡಲಿಗೆ ಮಾಡಿ ನಿಲ್ಲಬೇಕೆಂದು ನನಗೆ ಹೊಳೆದದ್ದು ಅಲ್ಲಿ. ಒಂಬತ್ತು ಶತಮಾನಗಳಲ್ಲಿ ಈ ಊರಿಗೆ ಬಿದ್ದ ಮುತ್ತಿಗೆಗಳಲ್ಲಿ ಹೆಚ್ಚಿನವುಗಳ ಫಲಿತಾಂಶವನ್ನು ಗೋಡೆಯ ದಪ್ಪಕ್ಕಿಂತ ಹೆಚ್ಚಾಗಿ ಆ ಹೊತ್ತಿಗೆ ಕಡಲು ಯಾರ ವಶದಲ್ಲಿತ್ತು ಎಂಬುದೇ ತೀರ್ಮಾನಿಸಿದೆ.

ಬುಧವಾರ

ಬೆಳಿಗ್ಗೆಯೆಲ್ಲ ನೆಲದಡಿಯಲ್ಲಿ ಕಳೆಯಿತು. ಇಂದಿನ ಬೀದಿಯ ಮಟ್ಟದಿಂದ ಹಲವು ಮೀಟರ್ ಕೆಳಗೆ ಹನ್ನೆರಡು, ಹದಿಮೂರನೆಯ ಶತಮಾನದ ಕ್ರುಸೇಡರ್ ನಗರ, ಅಂದರೆ ಜೆರುಸಲೇಮಿಗಾಗಿ ಧರ್ಮಯುದ್ಧಕ್ಕೆ ಬಂದ ಯುರೋಪಿನ ಕ್ರೈಸ್ತರ ನಗರ, ಹಾಗೆಯೇ ಉಳಿದಿದೆ. ಅದರಲ್ಲಿ ಬಹು ದೊಡ್ಡ ಭಾಗವೆಂದರೆ ಹಾಸ್ಪಿಟಲರ್‌ಗಳ, ಅಂದರೆ ಸಂತ ಯೋಹಾನನ ಹೆಸರಿನ ಯೋಧ ಸನ್ಯಾಸಿಗಳ, ಸಂಕೀರ್ಣ. ಯಾತ್ರಿಕರಿಗೆ ಆಸರೆ ಮತ್ತು ರೋಗಿಗಳಿಗೆ ಶುಶ್ರೂಷೆ ನೀಡಲು ಹುಟ್ಟಿಕೊಂಡ ಈ ಪಂಥ ಕ್ರಮೇಣ ಸೈನ್ಯವಾಯಿತು. ಒಟ್ಟೋಮನ್ ಅರಸರು ಇದೇ ಜಾಗದಲ್ಲಿ ತಮ್ಮ ಒಳಕೋಟೆಯನ್ನು ಕಟ್ಟುವಾಗ ಹಳೆಯ ಹಜಾರಗಳನ್ನು ಕೆಡವಲಿಲ್ಲ. ಅವುಗಳೊಳಗೆ ಮಣ್ಣು ತುಂಬಿಸಿ ಅದನ್ನೇ ಅಡಿಪಾಯ ಮಾಡಿಕೊಂಡರು. ಇಪ್ಪತ್ತನೆಯ ಶತಮಾನದ ಪುರಾತತ್ತ್ವಜ್ಞರು ದಶಕಗಳ ಕಾಲ ಆ ಮಣ್ಣನ್ನು ಹೊರಸಾಗಿಸಬೇಕಾಯಿತು, ಅದೂ ಮೇಲಿನ ಕಟ್ಟಡ ಕುಸಿಯದಂತೆ ಆಧಾರ ಕೊಡುತ್ತ. ಈ ಕೆಲಸದ ಕಷ್ಟವನ್ನು ಭಾವ ಬಹಳ ಹೊತ್ತು ವಿವರಿಸಿದರು. ಅವರ ಮಟ್ಟಿಗೆ ಇಡೀ ಪ್ರವಾಸದ ಸಾರ್ಥಕತೆ ಅಲ್ಲಿಯೇ ಆಯಿತೆಂದು ನನ್ನ ಅನಿಸಿಕೆ.

ವಿಶಾಲವಾದ ನಡು ಅಂಗಳದ ಸುತ್ತ ಹಜಾರಗಳಿವೆ. ಊಟದ ಹಜಾರವೆಂದು ಗುರುತಿಸಲಾಗಿರುವ ಕೋಣೆಯಲ್ಲಿ ಇಬ್ಬರು ಕೈಚಾಚಿದರೂ ತಬ್ಬಲಾರದಷ್ಟು ದಪ್ಪನೆಯ ಗುಂಡುಕಂಬಗಳು ಸಾಲಾಗಿ ನಿಂತಿವೆ. ಅವುಗಳ ತಲೆಯಿಂದ ಹೊರಟ ಕಲ್ಲಿನ ಪಟ್ಟಿಗಳು ಚಾವಣಿಯಲ್ಲಿ ಒಂದನ್ನೊಂದು ಹಾದುಹೋಗುತ್ತವೆ. ಕಂಬಗಳ ಭಾರೀ ಗಾತ್ರ ಹಳೆಯ ರೋಮನೆಸ್ಕ್ ಶೈಲಿಯದು, ಚಾವಣಿಯ ಪಟ್ಟಿಗಳು ಆಗತಾನೇ ಯುರೋಪಿನಲ್ಲಿ ಹುಟ್ಟುತ್ತಿದ್ದ ಗಾಥಿಕ್ ಶೈಲಿಯವು. ಭಾರವನ್ನು ಪಟ್ಟಿಗಳೇ ಹೊರುತ್ತವೆಂಬ ಹೊಸ ನಂಬಿಕೆ ಬಂದಿದ್ದರೂ ಕಂಬವನ್ನು ಸಣ್ಣಗೆ ಮಾಡುವ ಧೈರ್ಯ ಶಿಲ್ಪಿಗಳಿಗೆ ಇನ್ನೂ ಬಂದಿರಲಿಲ್ಲ. ಮೂಲೆಯಲ್ಲಿ ಫ್ರಾನ್ಸಿನ ರಾಜಮನೆತನದ ಲಾಂಛನವಾದ ಲಿಲಿ ಹೂವಿನ ಕೆತ್ತನೆಯಿದೆ. ಕಲ್ಲು ಮಾತ್ರ ಇಲ್ಲಿಯದೇ: ಕಡಲ ಮರಳು ಸುಣ್ಣದೊಡನೆ ಗಟ್ಟಿಯಾಗಿ ಉಂಟಾದ, ಕುರ್ಕಾರ್ ಎಂದು ಕರೆಯುವ ಮರಳುಗಲ್ಲು. ಕಡಿಯಲು ಸುಲಭ, ಆದರೆ ಉಪ್ಪುಗಾಳಿಗೆ ಬೇಗ ಸವೆಯುತ್ತದೆ.

ಇತಿಹಾಸದ ಮುಖ್ಯ ಘಟ್ಟಗಳನ್ನು ಇಲ್ಲಿ ಹೇಳಿಬಿಡುವುದು ಮೇಲು. ಮೊದಲನೆಯ ಕ್ರುಸೇಡಿನಲ್ಲಿ ಜೆರುಸಲೇಮನ್ನು ಗೆದ್ದಿದ್ದ ಯುರೋಪಿಯನ್ನರಿಗೆ ಅಕ್ಕೋ ಸಿಕ್ಕಿದ್ದು 1104ರಲ್ಲಿ. ರಾಜ ಒಂದನೆಯ ಬಾಲ್ಡ್ವಿನ್ ನೆಲದಿಂದಲೂ ಜಿನೋವಾದ ನೌಕಾಪಡೆ ಕಡಲಿನಿಂದಲೂ ಮುತ್ತಿದ್ದರಿಂದ ಊರು ಶರಣಾಯಿತು. ಅದಕ್ಕೆ ಪ್ರತಿಫಲವಾಗಿ ಜಿನೋವಾದವರಿಗೆ, ಮುಂದೆ ವೆನಿಸ್ ಮತ್ತು ಪೀಸಾದ ವರ್ತಕರಿಗೂ, ಊರೊಳಗೆ ಪ್ರತ್ಯೇಕ ಕೇರಿಗಳು ಸಿಕ್ಕವು. 1184ರಲ್ಲಿ ಮೆಕ್ಕಾ ಯಾತ್ರೆ ಮುಗಿಸಿ ಸ್ಪೇನಿಗೆ ಮರಳುತ್ತಿದ್ದ ಇಬ್ನ್ ಜುಬೈರ್ ಇಲ್ಲಿಗೆ ಬಂದಾಗ ಕಂಡದ್ದನ್ನು ಬರೆದಿಟ್ಟಿದ್ದಾನೆ. ಬಂದರಿನ ಸುಂಕದ ಕಟ್ಟೆಯಲ್ಲಿ ಕ್ರೈಸ್ತ ಗುಮಾಸ್ತರು ಚಿನ್ನದ ಅಲಂಕಾರದ ಕರಿಮರದ ದೌತಿಗಳನ್ನಿಟ್ಟುಕೊಂಡು ಅರಬ್ಬಿಯಲ್ಲಿ ಲೆಕ್ಕ ಬರೆಯುತ್ತಿದ್ದರಂತೆ. ಬೀದಿಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನಸಂದಣಿ, ಜೊತೆಗೆ ಸಹಿಸಲಾಗದ ದುರ್ನಾತ. ಧರ್ಮಯುದ್ಧದ ನಟ್ಟನಡುವೆಯೂ ಸುಂಕದ ಲೆಕ್ಕ ಎರಡು ಕಡೆಯವರಿಗೂ ಅರ್ಥವಾಗುವ ಭಾಷೆಯಲ್ಲಿ ನಡೆಯುತ್ತಿತ್ತು ಎಂಬ ಒಂದು ಸಂಗತಿ ಎಷ್ಟೋ ಯುದ್ಧವರ್ಣನೆಗಳಿಗಿಂತ ಹೆಚ್ಚನ್ನು ತಿಳಿಸುತ್ತದೆ.

1187ರಲ್ಲಿ ಹತ್ತೀನ್ ಯುದ್ಧದಲ್ಲಿ ಗೆದ್ದ ಈಜಿಪ್ಟ್ ಮತ್ತು ಸಿರಿಯಾದ ಸುಲ್ತಾನ ಸಲಾಹುದ್ದೀನ್ ಅಕ್ಕೋವನ್ನು ಸುಲಭವಾಗಿ ಪಡೆದುಕೊಂಡ. ಅದನ್ನು ಮರಳಿ ಪಡೆಯಲು ಕ್ರುಸೇಡರ್‌ಗಳು 1189ರಿಂದ ಸುಮಾರು ಎರಡು ವರ್ಷ ಮುತ್ತಿಗೆ ಹಾಕಬೇಕಾಯಿತು. ಇದೊಂದು ವಿಚಿತ್ರ ಮುತ್ತಿಗೆ: ಊರನ್ನು ಕ್ರುಸೇಡರ್‌ಗಳು ಸುತ್ತುವರಿದಿದ್ದರೆ ಅವರನ್ನು ಹೊರಗಿನಿಂದ ಸಲಾಹುದ್ದೀನನ ಸೈನ್ಯ ಸುತ್ತುವರಿದಿತ್ತು. ಒಳಗಿನವರಿಗೆ ಆಹಾರ ತಲುಪಿಸಲು ಉಳಿದ ದಾರಿ ಸಮುದ್ರ. 1191ರಲ್ಲಿ ಫ್ರಾನ್ಸಿನ ಫಿಲಿಪ್ ಮತ್ತು ಇಂಗ್ಲೆಂಡಿನ ರಿಚರ್ಡ್ ತಮ್ಮ ಹಡಗುಗಳೊಡನೆ ಬಂದು ಆ ದಾರಿಯನ್ನೂ ಮುಚ್ಚಿದಾಗ, ಜುಲೈ 12ರಂದು ಊರು ಶರಣಾಯಿತು. ಅಲ್ಲಿಂದ ಮುಂದಿನ ನೂರು ವರ್ಷ ಇದೇ ಜೆರುಸಲೇಮ್ ರಾಜ್ಯದ ರಾಜಧಾನಿ. ಮಾರ್ಕೋ ಪೋಲೋ 1271ರಲ್ಲಿ ಪೂರ್ವದ ಕಡೆಗೆ ಹೊರಟದ್ದು ಈ ಬಂದರನ್ನು ಹಾದು. ಅದೇ ಕಾಲದಲ್ಲಿ ಒಳಜಗಳಕ್ಕೂ ಕೊರತೆಯಿರಲಿಲ್ಲ. ಸಂತ ಸಬಾಸನ ಮಠಕ್ಕೆ ಸೇರಿದ ಒಂದು ಜಾಗದ ವ್ಯಾಜ್ಯದಿಂದ 1256ರಲ್ಲಿ ವೆನಿಸ್ ಮತ್ತು ಜಿನೋವಾಗಳ ನಡುವೆ ಯುದ್ಧವೇ ಶುರುವಾಗಿ, ಕೇರಿ ಕೇರಿಗೆ ಕಲ್ಲು ತೂರುವ ಯಂತ್ರಗಳನ್ನು ನಿಲ್ಲಿಸಿ ಹೊಡೆದಾಡಿದರು. 1258ರಲ್ಲಿ ಊರಿನೆದುರಿನ ಕಡಲಿನಲ್ಲಿ ಸೋತ ಜಿನೋವಾದವರು ಕೇರಿಯನ್ನೇ ಬಿಟ್ಟು ಟೈರ್ ನಗರಕ್ಕೆ ಹೊರಟುಹೋದರು.

ಕಡಲಿನ ಬಗ್ಗೆ ನಾನು ಹೇಳಿದ ಮಾತಿಗೆ ದೊಡ್ಡ ಅಪವಾದ 1291. ಈಜಿಪ್ಟಿನ ಮಾಮ್ಲೂಕ್ ಸುಲ್ತಾನ ಅಲ್ ಅಶ್ರಫ್ ಖಲೀಲನ ಬಳಿ ಹೇಳಿಕೊಳ್ಳುವಂಥ ನೌಕಾಪಡೆ ಇರಲಿಲ್ಲ. ಕಡಲು ಕ್ರುಸೇಡರ್‌ಗಳಿಗೆ ಕೊನೆಯವರೆಗೂ ತೆರೆದೇ ಇತ್ತು. ಆದರೆ ಆ ದಾರಿಯಲ್ಲಿ ಬಂದ ನೆರವು ಅಲ್ಪ. ಮೇ 18ರಂದು ಗೋಡೆ ಮುರಿದಾಗ ಅದು ಸೈಪ್ರಸ್ಸಿಗೆ ಓಡಿಹೋಗುವ ದಾರಿಯಷ್ಟೇ ಆಯಿತು. ಜೆರುಸಲೇಮಿನ ಧರ್ಮಾಧ್ಯಕ್ಷ ನಿಕೊಲಸ್ ತನ್ನ ದೋಣಿಗೆ ಸಿಕ್ಕಸಿಕ್ಕವರನ್ನೆಲ್ಲ ಹತ್ತಿಸಿಕೊಂಡು, ಭಾರ ತಾಳದೆ ದೋಣಿ ಮುಳುಗಿ ತೀರಿಕೊಂಡ. ನೈರುತ್ಯದ ತುದಿಯಲ್ಲಿದ್ದ, ಇನ್ನೊಂದು ಯೋಧ ಸನ್ಯಾಸಿ ಪಂಥವಾದ ಟೆಂಪ್ಲರ್‌ಗಳ ಕೋಟೆ ಇನ್ನೂ ಹತ್ತು ದಿನ ಹಿಡಿದು ನಿಂತು ಕುಸಿಯಿತು. ಕ್ರುಸೇಡರ್‌ಗಳು ಮತ್ತೆ ಬಂದಿಳಿಯಬಾರದೆಂದು ಸುಲ್ತಾನ ಊರನ್ನು ಕೆಡವಿಸಿದ. ಒಂದು ಚರ್ಚಿನ ಗಾಥಿಕ್ ಬಾಗಿಲವಾಡವನ್ನು ಮಾತ್ರ ಬಿಚ್ಚಿ ಕೈರೋಗೆ ಸಾಗಿಸಲಾಯಿತು. ಅಲ್ಲಿ ಸುಲ್ತಾನ ಅಲ್ ನಾಸಿರ್ ಮುಹಮ್ಮದನ ಮದರಸಾದ ಬಾಗಿಲಾಗಿ ಅದು ಇಂದಿಗೂ ಇದೆ.

ಗುರುವಾರ

ಸುಮಾರು ನಾಲ್ಕೂವರೆ ಶತಮಾನ ಹಾಳುಬಿದ್ದಂತಿದ್ದ ಊರು ಮತ್ತೆ ಎದ್ದದ್ದು ಹತ್ತಿಯಿಂದ. ಗೆಲಿಲಿಯ ಹೊಲಗಳ ಹತ್ತಿಯನ್ನು ಫ್ರೆಂಚ್ ವರ್ತಕರಿಗೆ ಮಾರುವ ಹಕ್ಕನ್ನು ತನ್ನ ಕೈಯಲ್ಲೇ ಇರಿಸಿಕೊಂಡ ಜಾಹಿರ್ ಅಲ್ ಉಮರ್ ಅದರ ಹಣದಲ್ಲಿ ಇಲ್ಲಿ ಗೋಡೆ ಕಟ್ಟಿ, ಜನರನ್ನು ಕರೆತಂದು ನೆಲೆಗೊಳಿಸಿದ. ಅವನ ಹೊಸ ಊರು ಕ್ರುಸೇಡರ್ ನಗರದ ಒಂದು ಭಾಗವನ್ನಷ್ಟೇ ಒಳಗೊಂಡಿತ್ತು. ಉತ್ತರದ ಹಳೆಯ ಬಡಾವಣೆ ಗೋಡೆಯ ಹೊರಗೇ ಉಳಿಯಿತು. 1775ರಲ್ಲಿ ಒಟ್ಟೋಮನ್ ಸರ್ಕಾರ ಅವನನ್ನು ಮುಗಿಸಿದ ನಂತರ ಅಧಿಕಾರ ಹಿಡಿದವನೇ ಅಲ್ ಜಜ್ಜಾರ್. ಬೋಸ್ನಿಯಾದಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ಸೈನಿಕನಾಗಿ, ಕಟುಕ ಎಂಬ ಬಿರುದನ್ನು ಹೆಮ್ಮೆಯಿಂದ ಹೊತ್ತ ಈತ 1804ರಲ್ಲಿ ಸಾಯುವವರೆಗೆ ಇಲ್ಲಿ ಆಳಿದ. ಅವನ ಖಜಾನೆ ನೋಡಿಕೊಳ್ಳುತ್ತಿದ್ದ ಯಹೂದಿ ಸಲಹೆಗಾರ ಹಾಯಿಮ್ ಫರ್ಹಿಯ ಒಂದು ಕಣ್ಣನ್ನು ಕೀಳಿಸಿ ಮೂಗನ್ನು ಕೊಯ್ಯಿಸಿ, ಆಮೇಲೂ ಅವನನ್ನೇ ಕೆಲಸದಲ್ಲಿ ಮುಂದುವರಿಸಿದ.

ಇಷ್ಟು ಕ್ರೂರಿಯಾದವನ ಅಭಿರುಚಿ ಅಷ್ಟೇ ನವಿರಾಗಿತ್ತೆಂಬುದನ್ನು ಒಪ್ಪಲೇಬೇಕು. 1781ರಲ್ಲಿ ಅವನು ಕಟ್ಟಿಸಿದ ಮಸೀದಿ ಇಸ್ತಾಂಬುಲಿನ ಮಾದರಿಯದು: ಚೌಕಟ್ಟಾದ ಪ್ರಾರ್ಥನಾ ಮಂದಿರದ ಮೇಲೆ ಒಂದೇ ದೊಡ್ಡ ಗುಮ್ಮಟ, ಮುಂದೆ ಮರಗಳ ತಣ್ಣನೆಯ ಅಂಗಳ, ಸುತ್ತ ಕಮಾನುಗಳ ಮೊಗಸಾಲೆ. ಕಂಬಗಳಲ್ಲಿ ಹಲವನ್ನು ದಕ್ಷಿಣದ ಕರಾವಳಿಯಲ್ಲಿ ಹಾಳುಬಿದ್ದಿದ್ದ ರೋಮನ್ ಬಂದರು ಕೈಸರಿಯಾದಿಂದ ತರಿಸಲಾಗಿದೆ. ಜಜ್ಜಾರನ ಸಮಾಧಿಯೂ ಅವನ ನಂತರದ ಸುಲೇಮಾನ್ ಪಾಶಾನ ಸಮಾಧಿಯೂ ಅಂಗಳದ ಬದಿಯಲ್ಲೇ ಇವೆ. ನೆಲದಡಿಯಲ್ಲಿ ಮುತ್ತಿಗೆಯ ಕಾಲಕ್ಕೆಂದು ನೀರು ಹಿಡಿದಿಡುವ ದೊಡ್ಡ ತೊಟ್ಟಿಯಿದ್ದು, ಮೆಟ್ಟಿಲಿಳಿದು ನೋಡಬಹುದು.

ಬಂದರಿನ ಬಳಿ ಅವನದೇ ಇನ್ನೊಂದು ಕಟ್ಟಡ, 1784ರ ಖಾನ್ ಅಲ್ ಉಮ್ದಾನ್ ಎಂಬ ವರ್ತಕರ ಛತ್ರ. ಕೆಳಗೆ ಸರಕು ಮತ್ತು ಪ್ರಾಣಿಗಳಿಗೆ, ಮೇಲೆ ವರ್ತಕರಿಗೆ ತಂಗಲು ಜಾಗ. ನಡುವೆ ನೀರಿನ ಕೊಳ. ಅಂಗಳದ ನಾಲ್ಕೂ ಕಡೆ ಕಮಾನುಗಳನ್ನು ಹೊತ್ತ ಗ್ರಾನೈಟ್ ಕಂಬಗಳೂ ಕೈಸರಿಯಾದವೇ. ಬಾಗಿಲ ಮೇಲಿನ ಗಡಿಯಾರ ಗೋಪುರ ಸುಲ್ತಾನ ಎರಡನೆಯ ಅಬ್ದುಲ್ ಹಮೀದನ ಪಟ್ಟಾಭಿಷೇಕದ ಬೆಳ್ಳಿಹಬ್ಬದ ನೆನಪಿಗಾಗಿ ಕಟ್ಟಿದ್ದು, ಮುಗಿದದ್ದು 1906ರಲ್ಲಿ. ನಾವು ಹೋದಾಗ ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ಕಿಂಡಿಯಿಂದ ನೋಡಿ ತೃಪ್ತಿಪಡಬೇಕಾಯಿತು.

ಮಧ್ಯಾಹ್ನ ಟೆಂಪ್ಲರ್ ಸುರಂಗಕ್ಕೆ ಹೋದೆವು. 1994ರಲ್ಲಿ ಒಂದು ಮನೆಯ ಚರಂಡಿ ಕಟ್ಟಿಕೊಂಡು ಅಗೆಸಿದಾಗ ಬೆಳಕಿಗೆ ಬಂದ ಈ ಸುರಂಗ ಪಶ್ಚಿಮದ ಟೆಂಪ್ಲರ್ ಕೋಟೆಯಿಂದ ಪೂರ್ವದ ಬಂದರಿನವರೆಗೆ ಸುಮಾರು 150 ಮೀಟರ್ ಸಾಗುತ್ತದೆ. ಕೆಳಭಾಗವನ್ನು ಬಂಡೆಯಲ್ಲೇ ಕೊರೆದು, ಮೇಲ್ಭಾಗವನ್ನು ಕಲ್ಲಿನ ಕಮಾನಿನಿಂದ ಮುಚ್ಚಿದ್ದಾರೆ. ಕೋಟೆಗೂ ಹಡಗಿಗೂ ನಡುವೆ ಯಾರ ಕಣ್ಣಿಗೂ ಬೀಳದ ದಾರಿ ಇರಲೆಂದು ಸುರಂಗ ಕೊರೆದವರಿಗೆ ಊರಿನ ಬೀದಿಗಳ ಮೇಲೆ ಎಷ್ಟು ವಿಶ್ವಾಸವಿತ್ತೆಂಬುದನ್ನು ಊಹಿಸಬಹುದು. ಹೊರಬಂದರೆ ಮೀನುಗಾರರ ಚಿಕ್ಕ ಬಂದರು, ನೀರಿನ ನಡುವೆ ನೊಣಗಳ ಗೋಪುರವೆಂದು ಕರೆಯುವ ಹಳೆಯ ಕಾವಲು ಗೋಪುರದ ಅವಶೇಷ. ಕ್ರುಸೇಡರ್ ಕಾಲದಲ್ಲಿ ಬಂದರಿನ ಬಾಯಿಗೆ ಕಬ್ಬಿಣದ ಸರಪಳಿ ಎಳೆದು ಮುಚ್ಚುತ್ತಿದ್ದರು.

ಶುಕ್ರವಾರ

ಮಸೀದಿಯ ಸುತ್ತ ಜುಮ್ಮಾ ನಮಾಜಿನ ಜನಸಂದಣಿ ಇದ್ದುದರಿಂದ ಒಳಕೋಟೆಯ ಸೆರೆಮನೆಯನ್ನಷ್ಟೇ ನೋಡಿದೆವು. ಬಹಾಯಿ ಪಂಥದ ಸ್ಥಾಪಕ ಬಹಾಉಲ್ಲಾ ಅವರನ್ನು ಒಟ್ಟೋಮನ್ ಸರ್ಕಾರ 1868ರಲ್ಲಿ ಕೈದಿಯಾಗಿ ಕರೆತಂದದ್ದು ಇಲ್ಲಿಗೆ. 1892ರಲ್ಲಿ ಅವರು ತೀರಿಕೊಂಡ ಬಹ್ಜಿಯ ಭವನ ಮತ್ತು ಸಮಾಧಿ ಊರಿಂದ ಉತ್ತರಕ್ಕಿದ್ದು, ಬಹಾಯಿಗಳು ಪ್ರಾರ್ಥನೆಗೆ ಮುಖ ಮಾಡುವುದು ಆ ಕಡೆಗೆ. ಬ್ರಿಟಿಷರ ಕಾಲದಲ್ಲಿ ಇದೇ ಕಟ್ಟಡ ಪ್ಯಾಲೆಸ್ಟೈನಿನ ಪ್ರಮುಖ ಸೆರೆಮನೆಯಾಗಿತ್ತು. 1947ರ ಮೇ 4ರಂದು ಇರ್ಗುನ್ ಎಂಬ ಯಹೂದಿ ಸಶಸ್ತ್ರ ಸಂಘಟನೆಯವರು ಪಕ್ಕದ ತುರ್ಕಿ ಹಮಾಮಿನ ಕಡೆಯಿಂದ ಗೋಡೆ ಸಿಡಿಸಿ ತಮ್ಮವರನ್ನು ಬಿಡಿಸಿಕೊಂಡು ಹೋದರು.

ಶನಿವಾರ

ಸಬ್ಬತ್ ದಿನ ರೈಲುಗಳಿರುವುದಿಲ್ಲ. ಕೋಟೆಯಿಂದ ಪೂರ್ವಕ್ಕೆ ಒಂದೂವರೆ ಕಿಲೋಮೀಟರ್ ದೂರದ ದಿಬ್ಬಕ್ಕೆ ನಡೆದೇ ಹೋದೆವು. ಕಂಚಿನ ಯುಗದ ಅಕ್ಕೋ ಇದ್ದದ್ದು ಈ ದಿಬ್ಬದ ಮೇಲೆ; ಊರು ಭೂಶಿರಕ್ಕೆ ಸರಿದದ್ದು ಆಮೇಲೆ. ಆದರೆ ಜನರ ಬಾಯಲ್ಲಿ ಇದು ನೆಪೋಲಿಯನ್ನನ ಗುಡ್ಡ.

1799ರ ಆರಂಭದಲ್ಲಿ ಈಜಿಪ್ಟಿನಲ್ಲಿದ್ದ ಫ್ರೆಂಚ್ ಸೇನಾನಿ ನೆಪೋಲಿಯನ್ ಬೋನಪಾರ್ಟ್ ಜನವರಿ 25ರಂದು ಕೈರೋದಿಂದ ಟಿಪ್ಪು ಸುಲ್ತಾನನಿಗೆ ಒಂದು ಪತ್ರ ಬರೆದ. ದೊಡ್ಡ ಸೈನ್ಯದೊಡನೆ ಕೆಂಪು ಸಮುದ್ರದ ದಡಕ್ಕೆ ಬಂದಿರುವುದಾಗಿಯೂ, ಇಂಗ್ಲಿಷರ ಹಿಡಿತದಿಂದ ಟಿಪ್ಪುವನ್ನು ಬಿಡಿಸುವ ಇಚ್ಛೆಯಿರುವುದಾಗಿಯೂ, ಮಾತುಕತೆಗೆ ನಂಬಿಕಸ್ಥನೊಬ್ಬನನ್ನು ಕಳುಹಿಸಬೇಕೆಂದೂ ಅದರಲ್ಲಿತ್ತು. ಪತ್ರ ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ಬೋನಪಾರ್ಟ್ ಉತ್ತರಕ್ಕೆ ಹೊರಟು ಜಾಫಾ ಪಟ್ಟಣವನ್ನು ಗೆದ್ದು, ಮಾರ್ಚ್ 18ರ ವೇಳೆಗೆ ಅಕ್ಕೋದ ಎದುರು ಬಂದು ನಿಂತ. ಏಪ್ರಿಲ್ ಮೊದಲ ವಾರದಲ್ಲಿ ಬ್ರಿಟಿಷ್ ಜನರಲ್ ಹ್ಯಾರಿಸ್ ನಡೆಸಿದ ಸೈನ್ಯ ಶ್ರೀರಂಗಪಟ್ಟಣದ ಎದುರು ಬಂದು ನಿಂತಿತು. ಏಪ್ರಿಲ್ ತಿಂಗಳೆಲ್ಲ ಎರಡೂ ಕೋಟೆಗಳ ಮೇಲೆ ಏಕಕಾಲಕ್ಕೆ ಗುಂಡು ಬೀಳುತ್ತಿದ್ದವು. ಒಂದು ಕಡೆ ಬ್ರಿಟಿಷರು ಹೊರಗಿದ್ದರು, ಇನ್ನೊಂದು ಕಡೆ ಒಳಗಿದ್ದರು.

ಬೋನಪಾರ್ಟ್ ತನ್ನ ಭಾರೀ ಫಿರಂಗಿಗಳನ್ನು ಹಡಗಿನಲ್ಲಿ ಕಳುಹಿಸಿದ್ದ. ಬ್ರಿಟಿಷ್ ನೌಕಾಧಿಕಾರಿ ಸಿಡ್ನಿ ಸ್ಮಿತ್ ಕಾರ್ಮೆಲ್ ಬೆಟ್ಟದ ಎದುರಿನ ಕಡಲಲ್ಲಿ ಆ ಹಡಗುಗಳನ್ನು ಹಿಡಿದು, ಅದೇ ಫಿರಂಗಿಗಳನ್ನು ಅಕ್ಕೋದ ರಕ್ಷಣೆಗೆ ಬಳಸಿದ. ಗೋಡೆಗಳನ್ನು ಬಲಪಡಿಸುವ ಹೊಣೆ ಹೊತ್ತವನು ಫೆಲಿಪೋ ಎಂಬ ಫ್ರೆಂಚ್ ಎಂಜಿನಿಯರ್; ಕ್ರಾಂತಿಯ ವಿರೋಧಿಯಾಗಿ ಇಂಗ್ಲಿಷರನ್ನು ಸೇರಿಕೊಂಡಿದ್ದ ಈತ ಪ್ಯಾರಿಸ್ಸಿನ ಸೈನಿಕ ಶಾಲೆಯಲ್ಲಿ ಬೋನಪಾರ್ಟನ ಸಹಪಾಠಿ. ಜಾಹಿರನ ತೆಳುಗೋಡೆ ಒಡೆಯಿತು, ಆದರೆ ಒಳನುಗ್ಗಿದ ಫ್ರೆಂಚರಿಗೆ ಅದರ ಹಿಂದೆ ಹೊಸದಾಗಿ ಎಬ್ಬಿಸಿದ ಎರಡನೆಯ ಸಾಲು ಎದುರಾಯಿತು. ಮೇ 7ರಂದು ರೋಡ್ಸ್ ದ್ವೀಪದಿಂದ ಒಟ್ಟೋಮನ್ ಹಡಗುಗಳು ಹೊಸ ಸೈನಿಕರನ್ನು ತಂದವು. ಫೆಲಿಪೋ ಮುತ್ತಿಗೆಯ ನಡುವೆಯೇ ಸತ್ತ. ಎದುರು ಪಾಳೆಯದ ಎಂಜಿನಿಯರ್, ಮರದ ಕಾಲಿನ ಜನರಲ್ ಕಾಫರೆಲ್ಲಿಯೂ ಸತ್ತ. ಫ್ರೆಂಚ್ ಪಾಳೆಯಕ್ಕೆ ಪ್ಲೇಗ್ ಹೊಕ್ಕಿತು. ಮೇ 20ರ ರಾತ್ರಿ ಬೋನಪಾರ್ಟ್ ಹಿಂದಿರುಗಲು ಆರಂಭಿಸಿದ.

ಅಷ್ಟರಲ್ಲಿ ಶ್ರೀರಂಗಪಟ್ಟಣ ಬಿದ್ದು ಎರಡು ವಾರ ದಾಟಿತ್ತು. ಎರಡು ಕೋಟೆಗಳನ್ನೂ ನೋಡಿದವರಿಗೆ ಇದು ಒಗಟಾಗಿ ಕಾಣಬಹುದು, ಏಕೆಂದರೆ ಟಿಪ್ಪುವಿನ ಗೋಡೆಗಳು ಜಾಹಿರನ ಗೋಡೆಗಿಂತ ಎಷ್ಟೋ ಮೇಲು. ದಿಬ್ಬದ ಮೇಲೆ ನಿಂತು ಭಾವನವರೊಡನೆ ಚರ್ಚಿಸಿದಾಗ ನಮಗೆ ತೋರಿದ ಉತ್ತರ ನೀರಿನದೇ. ಶ್ರೀರಂಗಪಟ್ಟಣವೂ ನೀರನ್ನು ನಂಬಿದ ಕೋಟೆ, ಆದರೆ ಕಾವೇರಿ ಬೇಸಗೆಯಲ್ಲಿ ಇಳಿಯುತ್ತದೆ. ಮುಂಗಾರಿನ ಪ್ರವಾಹ ಬರುವ ಮುನ್ನವೇ ಕೆಲಸ ಮುಗಿಸಬೇಕೆಂಬ ಆತುರ ಬ್ರಿಟಿಷರಿಗಿತ್ತು, ಮತ್ತು ಮೇ 4ರ ಮಧ್ಯಾಹ್ನ ಅವರು ಬಂಡೆಗಳ ನಡುವಿನ ತೆಳುನೀರನ್ನು ಕಾಲ್ನಡಿಗೆಯಲ್ಲೇ ದಾಟಿ ಒಡೆದ ಗೋಡೆಗೆ ಲಗ್ಗೆ ಹಾಕಿದರು. ಅಕ್ಕೋದ ಕಡಲು ಯಾವ ತಿಂಗಳಲ್ಲೂ ಬತ್ತುವುದಿಲ್ಲ. ಅದರ ಮೇಲೆ ಹಡಗುಗಳಿರುವ ತನಕ ಒಳಗಿನವರಿಗೆ ಮದ್ದು, ಅಕ್ಕಿ, ಜನ ಎಲ್ಲವೂ ಬರುತ್ತಲೇ ಇರುತ್ತದೆ. ಟಿಪ್ಪುವಿಗೆ ಹೊರಗಿನಿಂದ ಬರುವವರು ಯಾರೂ ಇರಲಿಲ್ಲ.

ಮೊದಲ ದಿನ ನೋಡಿದ ಹೊರಗೋಡೆ ಈ ಮುತ್ತಿಗೆ ಕಲಿಸಿದ ಪಾಠ. ಆದರೆ ಅದನ್ನು ಅಷ್ಟು ದಪ್ಪಗೆ ಕಟ್ಟಿದ್ದರಿಂದ ಆದ ಲಾಭ ಕಡಿಮೆ. ಈಜಿಪ್ಟಿನ ಇಬ್ರಾಹಿಂ ಪಾಶಾ ನೆಲ ಮತ್ತು ಕಡಲು ಎರಡರಿಂದಲೂ ಮುತ್ತಿ, ಆರು ತಿಂಗಳ ನಂತರ 1832ರ ಮೇ ತಿಂಗಳಲ್ಲಿ ಊರನ್ನು ಗೆದ್ದ. 1840ರ ನವೆಂಬರ್ 3ರಂದು ಬ್ರಿಟಿಷ್, ಆಸ್ಟ್ರಿಯನ್ ಮತ್ತು ಒಟ್ಟೋಮನ್ ಹಡಗುಗಳು ಒಟ್ಟಾಗಿ ಸಮುದ್ರದಿಂದಲೇ ಗುಂಡು ಹಾರಿಸಿದಾಗ ಒಳಗಿದ್ದ ಮದ್ದಿನ ಮನೆ ಸಿಡಿದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಇಬ್ರಾಹಿಮನಿಗೆ ಆರು ತಿಂಗಳು ಹಿಡಿದ ಕೆಲಸ ಈ ಹಡಗುಗಳಿಗೆ ಒಂದೇ ದಿನದಲ್ಲಿ ಮುಗಿಯಿತು.

ಭಾನುವಾರ

ಹಿಂದಿರುಗುವ ಹಾದಿಯಲ್ಲಿ ಹೈಫಾದಲ್ಲಿ ಇಳಿದು ಭಾರತೀಯ ಸೈನಿಕರ ಸ್ಮಶಾನಕ್ಕೆ ಹೋದೆವು. ಮೊದಲನೆಯ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಬ್ರಿಟಿಷರ ಪರ ಹೋರಾಡುತ್ತಿದ್ದ ಜೋಧಪುರದ ಅಶ್ವದಳ ಒಟ್ಟೋಮನ್ನರ ವಶದಲ್ಲಿದ್ದ ಹೈಫಾದ ಮೇಲೆ ಎದುರಿನಿಂದ ದಾಳಿ ಮಾಡಿತು. ಆ ಹೊತ್ತಿಗೆ ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನು ಹತ್ತಿ ಅಲ್ಲಿದ್ದ ಫಿರಂಗಿಗಳನ್ನು ಮೌನಗೊಳಿಸಲು ಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಈ ಪಡೆಯ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಅದೇ ದಿನ ಇನ್ನೊಂದು ಅಶ್ವದಳ ಅಕ್ಕೋವನ್ನು ಹೆಚ್ಚಿನ ಪ್ರತಿರೋಧವಿಲ್ಲದೆ ವಶಪಡಿಸಿಕೊಂಡಿತು. ಈ ಎರಡೂ ಊರುಗಳು ಬೇಕಾಗಿದ್ದುದು ಉತ್ತರಕ್ಕೆ ಸಾಗುತ್ತಿದ್ದ ಸೈನ್ಯಕ್ಕೆ ಸರಕನ್ನು ಹಡಗಿನಿಂದ ಇಳಿಸಲು. ಆದರೆ ಆ ವೇಳೆಗಾಗಲೇ ಉಗಿಹಡಗುಗಳು ಆಳವಿಲ್ಲದ ಅಕ್ಕೋ ಬಂದರನ್ನು ಬಿಟ್ಟು ಹೈಫಾದ ಕಡೆ ಹೊರಳಿದ್ದವು. 1905ರಲ್ಲಿ ಹಿಜಾಜ್ ರೈಲಿನ ಕವಲು ಬಂದದ್ದೂ ಹೈಫಾಕ್ಕೆ, 1933ರಲ್ಲಿ ಬ್ರಿಟಿಷರು ಆಳದ ಬಂದರನ್ನು ತೆರೆದದ್ದೂ ಅಲ್ಲಿಯೇ. ವ್ಯಾಪಾರ ಹೊರಟುಹೋದ ಅಕ್ಕೋದಲ್ಲಿ ಹಳೆಯ ಗೋಡೆಗಳನ್ನು ಕೆಡವಿ ಹೊಸ ಗೋದಾಮು ಕಟ್ಟುವ ಅಗತ್ಯ ಯಾರಿಗೂ ಬೀಳಲಿಲ್ಲ.